ಏರ್ ರೈಫಲ್ ಮೇಲೆ ಸ್ಕೋಪ್ ನಿಲ್ಲಿಸಿದ್ದು

ಮುನ್ನೂರು ಪೆಲೆಟ್ (ಸೀಸದ ಪುಟ್ಟ ಗುಂಡು) ಹೊಡೆಯುವಷ್ಟರಲ್ಲಿ, ಗುರಿ ನೋಡುವ ದುರ್ಬೀನು ಅಂದರೆ ಸ್ಕೋಪಿನೊಳಗಿನ ಅಡ್ಡ-ಉದ್ದ ಗುರಿಗೆರೆ, ಕ್ರಾಸ್‌ಹೇರ್ ಓರೆಯಾಗಿತ್ತು. ನೆಟ್ಟಗೆ ನಿಲ್ಲಬೇಕಾದ ಗೆರೆ ಗಡಿಯಾರದ ಒಂದು ಗಂಟೆಯ ಕಡೆಗೆ ವಾಲಿತ್ತು. ರೈಫಲ್‌ನಿಂದ ಬಿಚ್ಚಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದೆ. ಒಳಗೆ ಉಂಗುರವೊಂದು ಕಿಣಿಕಿಣಿ ಎಂದಿತು. ಹುಬ್ಬಳ್ಳಿಯಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿ ಇಟ್ಟು ಹದಿನೆಂಟು ವರ್ಷವಾಯಿತು, ಸಡಿಲವಾದ ಉಂಗುರದ ಸದ್ದು ನನಗೆ ಹೊಸದಲ್ಲ. ಆದರೆ ಮೂರು ತಿಂಗಳ ಹಿಂದೆ ಕೊಂಡ ದುರ್ಬೀನಿನೊಳಗಿಂದ ಅದನ್ನು ಕೇಳಿದಾಗ ಸಂಕಟವಾಯಿತು.

ರೈಫಲ್ ಸಾಧಾರಣವಾದದ್ದು. ನಳಿಕೆಯನ್ನು ಮಡಚಿ ಸ್ಪ್ರಿಂಗ್ ಬಿಗಿಯುವ, .177 ಅಂದರೆ 4.5 ಮಿ.ಮೀ. ರಂಧ್ರದ ಏರ್ ರೈಫಲ್. 20 ಜೌಲ್ ಮೀರದ ಇಂಥವಕ್ಕೆ 2016ರ ಶಸ್ತ್ರ ನಿಯಮಗಳ ಪ್ರಕಾರ ಪರವಾನಗಿ ಬೇಕಿಲ್ಲ. ಗದಗ ಜಿಲ್ಲೆಯ ಡಂಬಳದ ಹತ್ತಿರ ನಮ್ಮ ಕಾಕಾ ಅವರ ಹೊಲವಿದೆ. ಅಲ್ಲಿ ಕೃಷಿ ಹೊಂಡ ತೋಡಿದಾಗ ಎತ್ತಿದ ಮಣ್ಣು ಆಳೆತ್ತರದ ಏರಿಯಾಗಿ ನಿಂತಿದೆ. ಪೆಲೆಟ್ ಏರಿಯನ್ನು ದಾಟಿ ಹೋಗುವ ಮಾತಿಲ್ಲ. ಆ ಏರಿಯ ಮುಂದೆ ರಟ್ಟು ನಿಲ್ಲಿಸಿ ಭಾನುವಾರಗಳಲ್ಲಿ ಗುರಿ ಅಭ್ಯಾಸ ಮಾಡುತ್ತೇನೆ. ಮಧ್ಯವಯಸ್ಸಿನಲ್ಲಿ ಕಣ್ಣಿಗೆ ಹತ್ತಿರದ ಗುರಿಮೊನೆಯೂ ದೂರದ ರಟ್ಟೂ ಒಟ್ಟಿಗೆ ಸ್ಪಷ್ಟವಾಗುವುದಿಲ್ಲ. ಅದಕ್ಕಾಗಿಯೇ ಸ್ಕೋಪ್ ಬೇಕಾಯಿತು.

ಕಾಕಾ ಅವರ ಮನಸ್ಸಿನಲ್ಲಿ ಬೇರೆಯೇ ಇತ್ತು. ಮೆಕ್ಕೆಜೋಳ ತೆನೆ ಕಟ್ಟುವ ಹೊತ್ತಿಗೆ ಹಂದಿಗಳು ರಾತ್ರಿಯಲ್ಲಿ ಇಳಿದು ಸಾಲು ಸಾಲು ಕೆಡವುತ್ತವೆ. "ತಮ್ಮಾ, ದುರ್ಬೀನು ಹಾಕಿದೆಯಲ್ಲ, ಇನ್ನು ಒಂದೆರಡು ಹಂದಿ ಬೀಳುತ್ತವೆ ತಾನೇ?" ಎಂದು ಕೇಳಿದರು. ಅವರ ಪಕ್ಕದಲ್ಲಿ ಬದುವಿನ ಮೇಲೆ ಕುಳಿತೇ ಉತ್ತರ ಹೇಳಿದೆ. ಕಾಡುಹಂದಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿದೆ. ಕೃಷ್ಣಮೃಗವಂತೂ ಆ ಕಾಯ್ದೆಯ ಮೊದಲ ಅನುಸೂಚಿಯಲ್ಲೇ ಇದೆ. ನಮ್ಮ ಕಡೆ ಅದನ್ನು ಚಿಗರಿ ಎನ್ನುತ್ತೇವೆ, ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಬಸ್ಸಿಗೂ ಅದೇ ಹೆಸರು. ಕಾನೂನು ಒಂದು ಕಡೆ ಇರಲಿ, ಅರ್ಧ ಗ್ರಾಂ ತೂಕದ ಸೀಸದ ಪೆಲೆಟ್ ಹಂದಿಯನ್ನು ಕೊಲ್ಲುವುದಿಲ್ಲ. ಚರ್ಮದಡಿ ಹೊಕ್ಕು ಕೀವು ಮಾಡಿ, ವಾರಗಟ್ಟಲೆ ನರಳಿಸುತ್ತದೆ. ಅಂಥ ಕೆಲಸಕ್ಕೆ ನನ್ನ ಕೈ ಏಳುವುದಿಲ್ಲ. ಬೆಳೆ ಹಾನಿಗೆ ಅರಣ್ಯ ಇಲಾಖೆ ಪರಿಹಾರ ಕೊಡುತ್ತದೆ. ಆ ಅರ್ಜಿಯನ್ನು ನಾನೇ ಬರೆದುಕೊಡುತ್ತೇನೆ ಎಂದೆ, ಬರೆದೂ ಕೊಟ್ಟೆ. ಕಪ್ಪತಗುಡ್ಡದ ಕಡೆಗೆ ರೈಫಲ್ ಹಿಡಿದು ಹೋಗುವುದನ್ನೂ ನಾನು ಯೋಚಿಸುವುದಿಲ್ಲ. ಅದು ವನ್ಯಜೀವಿಧಾಮ, ಅನುಮತಿಯಿಲ್ಲದೆ ಅಲ್ಲಿಗೆ ಆಯುಧ ಒಯ್ಯುವುದೇ ಅಪರಾಧ.

ಜುಲೈ: ಕೆಟ್ಟ ಸ್ಕೋಪನ್ನು ಬಿಚ್ಚಿದ್ದು

ಮಳೆ ಹಿಡಿದ ಒಂದು ಸಂಜೆ ಅಂಗಡಿಯ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ಬಿಚ್ಚಲು ಕುಳಿತೆ. ಕಣ್ಣಿನ ಕಡೆಯ ಭಾಗ ಎಳೆಯಿರುವ ತಿರುಪು, ಬೀಗದ ಉಂಗುರ ಸಡಿಲಿಸಿದರೆ ಪೂರ್ತಿ ಹೊರಬರುತ್ತದೆ. ಹೊರಗಿನ ಕೊಳವೆಯೊಳಗೆ ಇನ್ನೊಂದು ಸಣ್ಣ ಕೊಳವೆ ಇದೆ. ತಲೆಕೆಳಗಾಗಿ ಬೀಳುವ ಚಿತ್ರವನ್ನು ನೆಟ್ಟಗೆ ಮಾಡುವ ಮಸೂರಗಳು ಅದರಲ್ಲಿವೆ. ಮೇಲಿನ ಮತ್ತು ಪಕ್ಕದ ಗುಬುಟುಗಳನ್ನು ತಿರುಗಿಸಿದಾಗ ಸರಿಯುವುದು ಈ ಒಳಕೊಳವೆಯೇ. ಒಂದು ಕಡೆಯಿಂದ ಗುಬುಟಿನ ತಿರುಪು ಒತ್ತುತ್ತದೆ, ಎದುರಿನಿಂದ ತೆಳುವಾದ ಪಟ್ಟಿ ಸ್ಪ್ರಿಂಗ್ ಹಿಮ್ಮೆಟ್ಟಿಸುತ್ತದೆ. ನಾಲ್ಕೈದು ಸಾವಿರ ರೂಪಾಯಿಯ ಸಾಮಾನಿನ ನಿಖರತೆಯೆಲ್ಲ ಆ ಪಟ್ಟಿಯ ಬಲದ ಮೇಲೆ ನಿಂತಿದೆ ಎಂಬುದು ಅಂದು ಕಣ್ಣಿಗೆ ಕಂಡಿತು.

ಒಳಕೊಳವೆಯ ಹಿಂತುದಿಯಲ್ಲಿ ಕ್ರಾಸ್‌ಹೇರ್ ಕೂರಿಸಿದ ಪುಟ್ಟ ಬಳೆ. ಅದನ್ನು ಹಿಡಿದಿಡಬೇಕಾದ ತಿರುಪು ಉಂಗುರ ಎರಡೂವರೆ ಸುತ್ತು ಬಿಚ್ಚಿಕೊಂಡಿತ್ತು. ಎಳೆಗಳ ಮೇಲೆ ಅಂಟಿನ ಕುರುಹೇ ಇರಲಿಲ್ಲ. ಚಿಮುಟದಿಂದ ಬಳೆಯನ್ನು ನೆಟ್ಟಗೆ ತಿರುಗಿಸಿ, ಉಂಗುರ ಬಿಗಿದು, ಬೆಂಕಿಕಡ್ಡಿಯ ಮೊನೆಯಿಂದ ವೈಂಡಿಂಗ್ ವಾರ್ನಿಷ್ ಒಂದು ಹನಿ ಇಟ್ಟೆ. ಒಣಗಿದ ಮೇಲೆ ಮತ್ತೆ ಜೋಡಿಸಿದೆ. ಆ ವಾರ ಚೆನ್ನಾಗಿ ನಡೆಯಿತು. ಮುಂದಿನ ವಾರ ಹೊಲದಲ್ಲಿ ಜಿಟಿಜಿಟಿ ಮಳೆ ನಿಂತ ಕೂಡಲೇ ನೋಡಿದರೆ ಒಳಗಾಜಿನ ಮೇಲೆ ಮಂಜು. ತಯಾರಾಗುವಾಗ ಒಳಗೆ ತುಂಬುವ ಒಣ ನೈಟ್ರೋಜನ್ ನಾನು ಬಿಚ್ಚಿದ ಕ್ಷಣವೇ ಹೋಗಿತ್ತು, ಅದರ ಜಾಗದಲ್ಲಿ ಹುಬ್ಬಳ್ಳಿಯ ಮಳೆಗಾಲದ ಗಾಳಿ ಸೇರಿತ್ತು. ನೈಟ್ರೋಜನ್ ತುಂಬಿದ ಸ್ಕೋಪನ್ನು ಮನೆಯಲ್ಲಿ ಬಿಚ್ಚಬೇಡಿ. ಬಿಚ್ಚಿದರೆ ಅದನ್ನು ಕಲಿಯುವ ಸಾಮಾನು ಎಂದೇ ಇಟ್ಟುಕೊಳ್ಳಿ.

ಉಂಗುರ ಬಿಚ್ಚಿಕೊಳ್ಳಲು ಕಾರಣ ರೈಫಲ್ಲೇ. ಗುಂಡಿನ ಬಂದೂಕು ಹಿಂದಕ್ಕೆ ಒದೆಯುತ್ತದೆ. ಸ್ಪ್ರಿಂಗ್ ಏರ್ ರೈಫಲ್ ಎರಡು ಸಲ ಒದೆಯುತ್ತದೆ. ಕುದುರೆ (ಟ್ರಿಗರ್) ಒತ್ತಿದಾಗ ಒಳಗಿನ ಭಾರವಾದ ಪಿಸ್ಟನ್ ಮುಂದಕ್ಕೆ ಚಿಮ್ಮುವುದರಿಂದ ರೈಫಲ್ ಹಿಂದೆ ಸರಿಯುತ್ತದೆ. ಪಿಸ್ಟನ್ ಸಿಲಿಂಡರಿನ ಕೊನೆಗೆ ಹೋಗಿ ಬಡಿದಾಗ ರೈಫಲ್ ಮುಂದಕ್ಕೆ ಜಗ್ಗುತ್ತದೆ. ಸಾಮಾನ್ಯ ಸ್ಕೋಪುಗಳ ಮಸೂರ, ಉಂಗುರಗಳಿಗೆ ಹಿಂದಿನ ಒದೆತಕ್ಕಷ್ಟೇ ಆಸರೆ ಇರುತ್ತದೆ. ಮುಂದಿನ ಜಗ್ಗು ಅವುಗಳನ್ನು ದಿನದಿನಕ್ಕೆ ಕೂದಲೆಳೆಯಷ್ಟು ಬಿಚ್ಚುತ್ತ ಹೋಗುತ್ತದೆ. ದೊಡ್ಡ ಗುಂಡಿನ ಬಂದೂಕಿನ ಮೇಲೆ ವರ್ಷಗಟ್ಟಲೆ ಬಾಳಿದ ಸ್ಕೋಪು ನಮ್ಮ ಈ ಸಣ್ಣ ರೈಫಲ್ ಮೇಲೆ ತಿಂಗಳಲ್ಲಿ ಕೆಡುವುದು ಹೀಗೆ.

ಆಗಸ್ಟ್: ಯಾವುದನ್ನು ಕೊಳ್ಳುವುದು

ಅಂಗಡಿಯವರು 6-24x50 ಒಂದನ್ನು ಕೈಗಿಟ್ಟರು. ಹೆಸರಿನ ಅರ್ಥ ಸರಳ: ಆರರಿಂದ ಇಪ್ಪತ್ನಾಲ್ಕು ಪಟ್ಟು ಹಿಗ್ಗಿಸುತ್ತದೆ, ಮುಂದಿನ ಗಾಜಿನ ಅಗಲ 50 ಮಿ.ಮೀ. ನೋಡಲು ಗಂಭೀರವಾಗಿತ್ತು, ಆಸೆಯೂ ಆಯಿತು. ಇಂಥ ಸ್ಕೋಪನ್ನು ಹೊಗಳುವವರು ಹೆಚ್ಚಾಗಿ ಅಮೆರಿಕದ ಬಯಲುಗಳಲ್ಲಿ ಇನ್ನೂರು, ಮುನ್ನೂರು ಮೀಟರ್ ದೂರದ ಪ್ರೇರಿ ಡಾಗ್ ಎಂಬ ಬಿಲದ ಪ್ರಾಣಿಯನ್ನು ಹೊಡೆಯುವವರು. ಅವರ .22-250 ಬಂದೂಕಿನ ಗುಂಡು ಸೆಕೆಂಡಿಗೆ ಸಾವಿರ ಮೀಟರ್ ಮೀರಿ ಓಡುತ್ತದೆ. ಅಷ್ಟು ದೂರದಲ್ಲಿ ಅಷ್ಟು ಸಣ್ಣ ಗುರಿಗೆ ದೊಡ್ಡ ಹಿಗ್ಗುವಿಕೆ, ತೆಳುವಾದ ಕ್ರಾಸ್‌ಹೇರ್ ಬೇಕೇ ಬೇಕು. ನನ್ನ ಪೆಲೆಟ್ ಅದರ ಕಾಲುಭಾಗದ ವೇಗದ್ದು, ನನ್ನ ರಟ್ಟು 10ರಿಂದ 40 ಮೀಟರ್ ಒಳಗೆ. ಅವರ ಸಲಹೆ ಅವರ ಬಂದೂಕಿಗೆ ಸರಿ.

ಹಿಗ್ಗುವಿಕೆ ಏರಿದಂತೆ ಬೆಳಕು ಇಳಿಯುತ್ತದೆ. ಮುಂದಿನ ಗಾಜಿನ ಅಗಲವನ್ನು ಪಟ್ಟಿನಿಂದ ಭಾಗಿಸಿದರೆ ಕಣ್ಣಿಗೆ ತಲುಪುವ ಬೆಳಕಿನ ಬಿಲ್ಲೆಯ ಅಗಲ ಸಿಗುತ್ತದೆ. 50 ಭಾಗಿಸು 24 ಅಂದರೆ ಎರಡು ಮಿ.ಮೀ. ಚಿಲ್ಲರೆ, ತಲೆ ಸ್ವಲ್ಪ ಅಲುಗಿದರೂ ಕಪ್ಪು ಕವಿಯುತ್ತದೆ. 3-9x40 ಸ್ಕೋಪಿನಲ್ಲಾದರೆ 40 ಭಾಗಿಸು 9 ಅಂದರೆ 4.4 ಮಿ.ಮೀ., ಆರಾಮವಾಗಿ ಕಾಣುತ್ತದೆ. ಅದಲ್ಲದೆ ಎರೆಹೊಲ ಹನ್ನೊಂದು ಗಂಟೆಗೆಲ್ಲ ಕಾದು, ನೆಲದ ಮೇಲಿನ ಗಾಳಿ ಕುದಿಯುವ ಎಣ್ಣೆಯಂತೆ ಅಲುಗುತ್ತದೆ. ಇಪ್ಪತ್ನಾಲ್ಕು ಪಟ್ಟಿನಲ್ಲಿ ಆ ಅಲುಗಾಟವೂ ಇಪ್ಪತ್ನಾಲ್ಕು ಪಟ್ಟು.

ನಾನು ಹುಡುಕಿದ್ದು ಎರಡೇ ಗುಣ. ಮೊದಲನೆಯದು, ಸ್ಪ್ರಿಂಗ್ ಏರ್ ರೈಫಲ್ ಒದೆತಕ್ಕೆ ಎಂದು ತಯಾರಕರೇ ಪೆಟ್ಟಿಗೆಯ ಮೇಲೆ ಬರೆದಿರಬೇಕು. ಎರಡನೆಯದು, ಪ್ಯಾರಲಾಕ್ಸ್ ಸರಿಪಡಿಸುವ ಉಂಗುರ 10 ಗಜದಷ್ಟು ಹತ್ತಿರಕ್ಕೂ ಇಳಿಯಬೇಕು.

ಈ ಪ್ಯಾರಲಾಕ್ಸ್ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಏಕೆಂದರೆ ಇದನ್ನು ತಿಳಿಯದೆ ನಾನು ಒಂದು ಬೇಸಿಗೆ ಪೂರ್ತಿ ಪೆಲೆಟ್ ಸುರಿದಿದ್ದೆ. ಅಂಗಡಿಯಲ್ಲಿ ಆಮ್‌ಮೀಟರಿನ ಮುಳ್ಳನ್ನು ಪಕ್ಕದಿಂದ ಓದಿದರೆ ಅರ್ಧ ಆಂಪಿಯರ್ ತಪ್ಪುತ್ತದೆ. ಮುಳ್ಳು ಒಂದು ಮಟ್ಟದಲ್ಲಿ, ಅಂಕಿ ಇನ್ನೊಂದು ಮಟ್ಟದಲ್ಲಿ ಇರುವುದೇ ಕಾರಣ. ಸ್ಕೋಪಿನಲ್ಲೂ ರಟ್ಟಿನ ಚಿತ್ರ ಕ್ರಾಸ್‌ಹೇರ್ ಇರುವ ಮಟ್ಟದಲ್ಲೇ ಬೀಳದಿದ್ದರೆ ಕಣ್ಣು ಸರಿದಂತೆ ಗುರಿಯೂ ಸರಿಯುತ್ತದೆ. ಗುಂಡಿನ ಬಂದೂಕಿನ ಸ್ಕೋಪುಗಳನ್ನು ಸಾಮಾನ್ಯವಾಗಿ 100 ಗಜಕ್ಕೆ, ಅಂದರೆ 91 ಮೀಟರಿಗೆ ಹೊಂದಿಸಿರುತ್ತಾರೆ. ಅದನ್ನು 25 ಮೀಟರಿನಲ್ಲಿ ಬಳಸಿದರೆ ಎಷ್ಟು ತಪ್ಪಬಹುದು ಎಂದು ಲೆಕ್ಕ ಹಾಕಬಹುದು: ಮುಂದಿನ ಗಾಜಿನ ಅರ್ಧ ಅಗಲ 20 ಮಿ.ಮೀ.; ಅದಕ್ಕೆ 91ರಲ್ಲಿ 25 ಕಳೆದು ಉಳಿದ 66ನ್ನು ಗುಣಿಸಿ, 91ರಿಂದ ಭಾಗಿಸಿ. ಹದಿನಾಲ್ಕೂವರೆ ಮಿ.ಮೀ. ಬರುತ್ತದೆ. ಕೆನ್ನೆ ಇಡುವ ಜಾಗ ಬದಲಾದರೆ ಸಾಕು, ರೈಫಲ್ ಕದಲದೆಯೂ ಪೆಲೆಟ್ ಅಷ್ಟು ದೂರ ಬೀಳಬಹುದು.

ಪರೀಕ್ಷೆ ಸುಲಭ. ರೈಫಲ್ ಅನ್ನು ಮರಳು ಚೀಲದ ಮೇಲೆ ಇಟ್ಟು, ಮುಟ್ಟದೆ, ಕಣ್ಣನ್ನಷ್ಟೇ ಮೇಲೆ ಕೆಳಗೆ ಆಡಿಸಿ ನೋಡಬೇಕು. ಹಳೆಯ ಸ್ಕೋಪಿನಲ್ಲಿ ಕ್ರಾಸ್‌ಹೇರ್ ರಟ್ಟಿನ ಕಪ್ಪು ಬೊಟ್ಟಿನ ಮೇಲೆ ಎಮ್ಮೆಯ ಬಾಲದಂತೆ ಅತ್ತಿತ್ತ ಆಡಿತು. ಹೊಸ 3-9x40ರಲ್ಲಿ ಮುಂದಿನ ಉಂಗುರವನ್ನು 25 ಮೀಟರಿನ ಆಸುಪಾಸಿಗೆ ತಿರುಗಿಸಿದಾಗ ಅಂಟಿಸಿದಂತೆ ನಿಂತಿತು. ಉಂಗುರದ ಮೇಲೆ ಅಚ್ಚಾದ ಅಂಕಿಯನ್ನು ನಾನು ನಂಬುವುದಿಲ್ಲ. ಕ್ರಾಸ್‌ಹೇರ್ ನಿಂತ ಜಾಗಕ್ಕೆ ನನ್ನದೇ ಬಿಳಿ ಗೆರೆ ಹಾಕಿದ್ದೇನೆ. ಬೆಲೆ ಆರು ಸಾವಿರದ ಆಸುಪಾಸು ಆಯಿತು.

ಸೆಪ್ಟೆಂಬರ್: ಕೂರಿಸಿದ್ದು

ರೈಫಲ್ ಮೇಲೆ 11 ಮಿ.ಮೀ. ಹಳಿ ಇದೆ, ಸ್ಕೋಪಿನ ಕೊಳವೆ ಒಂದು ಇಂಚಿನದು. ಹಿಂದೆ ಸ್ಕೋಪನ್ನು ಹಳಿಗೆ ಕಚ್ಚಿಸುವ ಎರಡು ಬಿಡಿ ಹಿಡಿಗಳಿದ್ದವು. ಈ ಸಲ ಎರಡೂ ಉಂಗುರಗಳು ಒಂದೇ ತಳದಲ್ಲಿರುವ ಹಿಡಿಯನ್ನು ತಂದೆ, ಒದೆತಕ್ಕೆ ಜಾರದಂತೆ ಅದರ ಅಡಿಯಲ್ಲಿ ತಡೆಯ ಮೊಳೆ ಇದೆ. ಆ ಮೊಳೆಯನ್ನು ಇಳಿಸಲು ನನ್ನ ರೈಫಲ್ ಹಳಿಯಲ್ಲಿ ತೂತಿರಲಿಲ್ಲ. ಗೋಕುಲ ರಸ್ತೆಯ ಕಡೆಯ ಲೇತ್ ಅಂಗಡಿಯ ಗೆಳೆಯನಿಂದ ಹಳಿಯ ಹಿಂತುದಿಗೆ ಕಚ್ಚಿ ಹಿಡಿಯುವ ಉಕ್ಕಿನ ತಡೆಯೊಂದನ್ನು ಮಾಡಿಸಿದೆ. ಸಿಲಿಂಡರಿಗೆ ತೂತು ಕೊರೆಯುವ ಯೋಚನೆಯನ್ನು ಇಬ್ಬರೂ ಬಿಟ್ಟೆವು. ಗಾಳಿ ಒತ್ತುವ ಕೊಳವೆಗೆ ಡ್ರಿಲ್ ತಾಗಿಸುವುದು ಸರಿಯಲ್ಲ.

ಹಳಿಯನ್ನೂ ಹಿಡಿಯ ಒಳಮೈಯನ್ನೂ ಸ್ಪಿರಿಟ್‌ನಿಂದ ಎರಡು ಸಲ ಒರೆಸಿದೆ. ಎಣ್ಣೆಯ ಪಸೆ ಉಳಿದರೆ ಎಷ್ಟು ಬಿಗಿದರೂ ಜಾರುತ್ತದೆ.

ಉಂಗುರಕ್ಕೆ ಹಾಕುವ ಮೊದಲು ಸ್ಕೋಪಿನ ಒಳಕೊಳವೆಯನ್ನು ನಟ್ಟನಡುವೆ ತಂದುಕೊಂಡೆ. ರಟ್ಟಿನ ಪೆಟ್ಟಿಗೆಯ ಎರಡು ಗೋಡೆಗಳಲ್ಲಿ ವಿ ಆಕಾರದ ಕಚ್ಚು ಕತ್ತರಿಸಿ, ಸ್ಕೋಪನ್ನು ಅದರಲ್ಲಿ ಮಲಗಿಸಿ, ಎದುರು ಗೋಡೆಯ ಒಂದು ಚುಕ್ಕೆ ನೋಡುತ್ತ ಸ್ಕೋಪನ್ನೇ ಉರುಳಿಸಬೇಕು. ಕ್ರಾಸ್‌ಹೇರ್ ಚುಕ್ಕೆಯ ಸುತ್ತ ಬಳೆಯಂತೆ ಸುತ್ತಿದರೆ ಅದು ನಡುವೆ ಇಲ್ಲ. ಅರ್ಧ ಸುತ್ತಿಗೆ ಎಷ್ಟು ಸರಿಯಿತೋ ಅದರ ಅರ್ಧವನ್ನು ಗುಬುಟಿನಿಂದ ಹಿಂದಕ್ಕೆ ತರುತ್ತ ಹೋದರೆ ಬಳೆ ಕಿರಿದಾಗಿ ಕೊನೆಗೆ ಚುಕ್ಕೆಯಾಗುತ್ತದೆ. ನನಗೆ ಮುಕ್ಕಾಲು ಗಂಟೆ ಹಿಡಿಯಿತು.

ಗೆರೆ ನೆಟ್ಟಗಿಡಲು ಗೌಂಡಿಗಳ ತೂಗುಗುಂಡನ್ನು ಅಂಗಳದ ಆಚೆ ಗೋಡೆಗೆ ಇಳಿಬಿಟ್ಟು, ಕ್ರಾಸ್‌ಹೇರಿನ ಲಂಬ ಗೆರೆಯನ್ನು ದಾರಕ್ಕೆ ಹೊಂದಿಸಿದೆ. ಕಣ್ಣಿಗೂ ಗಾಜಿಗೂ ಎಂಟೂವರೆ ಸೆಂ.ಮೀ. ಅಂತರ ಬಂದಾಗ ಚಿತ್ರ ಅಂಚಿನವರೆಗೆ ತುಂಬಿತು. ಉಂಗುರದ ತಿರುಪುಗಳನ್ನು ಎಲ್-ಕೀಯ ಗಿಡ್ಡ ತುದಿಯನ್ನು ಎರಡೇ ಬೆರಳಲ್ಲಿ ಹಿಡಿದು, ಮೂಲೆಯಿಂದ ಮೂಲೆಗೆ ಸ್ವಲ್ಪಸ್ವಲ್ಪವೇ ಬಿಗಿದೆ. ಸುಮಾರು 2 ನ್ಯೂಟನ್-ಮೀಟರ್ ಸಾಕು. ಮೊಣಕೈ ಬಲ ಹಾಕಿದರೆ ತೆಳುವಾದ ಅಲ್ಯೂಮಿನಿಯಂ ಕೊಳವೆ ಒಳಗೆ ಸೊಟ್ಟಗಾಗುತ್ತದೆ. ಕೊನೆಗೆ ಹೆಂಡತಿಯ ಕೆಂಪು ಉಗುರುಬಣ್ಣದಿಂದ ಹಿಡಿಗೂ ಹಳಿಗೂ ಸೇರಿಸಿ ಒಂದು ಸಣ್ಣ ಗೆರೆ, ಉಂಗುರಕ್ಕೂ ಸ್ಕೋಪಿಗೂ ಸೇರಿಸಿ ಇನ್ನೊಂದು. ಏನಾದರೂ ಕದಲಿದರೆ ಗೆರೆ ಮುರಿಯುತ್ತದೆ.

ಅಕ್ಟೋಬರ್: ಹದಿಮೂರು ಸೆಂಟಿಮೀಟರ್

ಹೆಸರು ಕಿತ್ತು ಹೊಲ ಖಾಲಿಯಾಗಿತ್ತು. ಹಗ್ಗ ಹಿಡಿದು 10, 15, 25, 40 ಮೀಟರಿಗೆ ಗೂಟ ಹೊಡೆದೆವು, ಕಾಕಾ ಅವರೇ ಒಂದು ತುದಿ ಹಿಡಿದರು. ಹತ್ತು ಮೀಟರಿನಲ್ಲಿ ಪೆಲೆಟ್ ರಟ್ಟಿಗೆ ಬೀಳುತ್ತದೆ ಎಂದು ಖಚಿತವಾದ ಮೇಲೆ 25ಕ್ಕೆ ಹೋದೆ. ಐದು ಪೆಲೆಟ್‌ಗಳೂ ಒತ್ತಾಗಿ ಬಿದ್ದವು, ಆದರೆ ಗುರಿಗಿಂತ 13 ಸೆಂ.ಮೀ. ಕೆಳಗೆ.

ನಳಿಕೆ ಮಡಚುವ ರೈಫಲ್‌ಗಳಲ್ಲಿ ಇದು ಸಾಮಾನ್ಯ. ನಳಿಕೆ ಹಳಿಯ ನೇರಕ್ಕೆ ಇರದೆ ಸ್ವಲ್ಪ ತಲೆ ತಗ್ಗಿಸಿರುತ್ತದೆ. ಗುಬುಟಿನ ಒಂದು ಕ್ಲಿಕ್ ಎಂದರೆ ಕಾಲು ಎಂ.ಓ.ಎ. (ಒಂದು ಎಂ.ಓ.ಎ. ಅಂದರೆ ಡಿಗ್ರಿಯ ಅರವತ್ತನೆಯ ಒಂದು ಭಾಗ), 25 ಮೀಟರಿನಲ್ಲಿ 1.8 ಮಿ.ಮೀ. ಹದಿಮೂರು ಸೆಂ.ಮೀ.ಗೆ ಎಪ್ಪತ್ತಕ್ಕೂ ಹೆಚ್ಚು ಕ್ಲಿಕ್. ತಿರುಗಿಸಿದರೆ ಬರುತ್ತದೆ. ಆದರೆ ಜುಲೈನಲ್ಲಿ ಕಂಡ ಆ ಪಟ್ಟಿ ಸ್ಪ್ರಿಂಗ್ ನನ್ನ ಕಣ್ಣ ಮುಂದಿತ್ತು. ಗುಬುಟನ್ನು ಮೇಲಕ್ಕೆ ತಿರುಗಿಸಿದಷ್ಟೂ ತಿರುಪು ಹೊರಬರುತ್ತದೆ, ಸ್ಪ್ರಿಂಗ್ ಸಡಿಲಾಗುತ್ತದೆ, ಒಳಕೊಳವೆ ಪ್ರತಿ ಒದೆತಕ್ಕೂ ತೂಗಾಡುತ್ತದೆ. ಹಾಗಾಗಿ ಗುಬುಟು ಮುಟ್ಟದೆ ಸ್ಕೋಪಿನ ಹಿಂಬದಿಯನ್ನೇ ಎತ್ತಲು ನಿರ್ಧರಿಸಿದೆ.

ಲೆಕ್ಕ ಇಷ್ಟೇ. ಎರಡು ಉಂಗುರಗಳ ನಡುವಿನ ಅಂತರ 100 ಮಿ.ಮೀ. ಹಿಂದಿನ ಉಂಗುರವನ್ನು ಅರ್ಧ ಮಿ.ಮೀ. ಎತ್ತಿದರೆ 25 ಮೀಟರಿನಲ್ಲಿ ಪೆಲೆಟ್ 125 ಮಿ.ಮೀ. ಮೇಲೇರಬೇಕು. ಸಂಜೆ ಅಂಗಡಿಗೆ ಬಂದು ಮೋಟಾರ್ ಸ್ಲಾಟಿಗೆ ಹಾಕುವ ಮಿಲಿನೆಕ್ಸ್ ಹಾಳೆ ತೆಗೆದೆ. ತಂತಿಯ ಗೇಜು ನೋಡುವ ಮೈಕ್ರೋಮೀಟರಿನಲ್ಲಿ ಅಳೆದಾಗ 0.25 ಮಿ.ಮೀ. ಎರಡು ಪಟ್ಟಿ ಕತ್ತರಿಸಿ ಹಿಂದಿನ ಉಂಗುರದ ತಳದಲ್ಲಷ್ಟೇ ಹಾಸಿದೆ. ಲೆದರಾಯ್ಡ್ ಕಾಗದವೂ ಇತ್ತು. ಅದು ಒತ್ತಡಕ್ಕೆ ದಿನ ಕಳೆದಂತೆ ಕುಗ್ಗುತ್ತದೆ ಎಂದು ಮುಟ್ಟಲಿಲ್ಲ. ಇದಕ್ಕಿಂತ ದಪ್ಪ ಹಾಸುವುದೂ ತಪ್ಪು, ಕೊಳವೆ ಬಾಗುತ್ತದೆ. ಅಷ್ಟು ಬೇಕಾದರೆ ಎತ್ತರ ಹೊಂದಿಸುವ ಹಿಡಿಯನ್ನೇ ಕೊಳ್ಳಬೇಕು.

ಮುಂದಿನ ಭಾನುವಾರ ಮೊದಲ ಪೆಲೆಟ್ ಗುರಿಯ ಆರು ಮಿ.ಮೀ. ಕೆಳಗೆ ಬಿತ್ತು. ಮೂರು ಕ್ಲಿಕ್ ಹಾಕಿದೆ, ಕಪ್ಪು ಬೊಟ್ಟಿನ ನಡುವೆ ತೂತಾಯಿತು. ಅಂದು ಆದ ಸಂತೋಷಕ್ಕೆ ಸರಿಸಾಟಿ ಕಡಿಮೆ.

ಗುಬುಟು ನಂಬಿಕೆಗೆ ಅರ್ಹವೇ ಎಂದು ನೋಡಲು ಚೌಕ ಹೊಡೆದೆ: ಇಪ್ಪತ್ತು ಕ್ಲಿಕ್ ಮೇಲೆ, ಇಪ್ಪತ್ತು ಬಲಕ್ಕೆ, ಇಪ್ಪತ್ತು ಕೆಳಗೆ, ಇಪ್ಪತ್ತು ಎಡಕ್ಕೆ, ಪ್ರತಿ ಮೂಲೆಯಲ್ಲೂ ಮೂರು ಪೆಲೆಟ್. ಬದಿ 36 ಮಿ.ಮೀ. ಬರಬೇಕು. 34ರಿಂದ 37ರ ನಡುವೆ ಬಂದವು, ಕೊನೆಯ ಮೂರು ಮೊದಲ ತೂತಿಗೇ ಮರಳಿದವು. ಕ್ರಾಸ್‌ಹೇರಿನ ಚುಕ್ಕೆಗಳನ್ನೂ ಪರೀಕ್ಷಿಸಿದೆ. ಎರಡು ಚುಕ್ಕೆಗಳ ನಡುವೆ ಒಂದು ಮಿಲ್, ಅಂದರೆ ದೂರದ ಸಾವಿರದ ಒಂದು ಭಾಗ, 25 ಮೀಟರಿನಲ್ಲಿ ಎರಡೂವರೆ ಸೆಂ.ಮೀ. ರಟ್ಟಿನ ಮೇಲೆ ಅಷ್ಟಷ್ಟಕ್ಕೆ ಗೆರೆ ಎಳೆದು ನೋಡಿದರೆ ಒಂಬತ್ತು ಪಟ್ಟಿನಲ್ಲಿ ಸರಿಯಾಗಿ ಕೂತವು. ನಾಲ್ಕೂವರೆ ಪಟ್ಟಿಗೆ ಇಳಿಸಿದರೆ ಅದೇ ಚುಕ್ಕೆಗಳ ನಡುವೆ ಐದು ಸೆಂ.ಮೀ. ಕಾಣುತ್ತದೆ. ಈ ಸ್ಕೋಪಿನಲ್ಲಿ ಕ್ರಾಸ್‌ಹೇರ್ ಹಿಂದಿನ ತಲದಲ್ಲಿರುವುದರಿಂದ ಚಿತ್ರ ಹಿಗ್ಗಿದರೂ ಕ್ರಾಸ್‌ಹೇರ್ ಹಿಗ್ಗುವುದಿಲ್ಲ. ಆದ್ದರಿಂದ ಚುಕ್ಕೆ ಲೆಕ್ಕದಲ್ಲಿ ಹೊಡೆಯುವಾಗ ನಾನು ಒಂಬತ್ತನ್ನು ಬಿಟ್ಟು ಕದಲುವುದಿಲ್ಲ.

ರೈಫಲ್ ಹಿಡಿಯುವ ರೀತಿಯನ್ನೂ ಬದಲಿಸಿದೆ. ಮರಳು ಚೀಲದ ಮೇಲೆ ನೇರವಾಗಿ ಇಟ್ಟು ಹೊಡೆದಾಗ ಪೆಲೆಟ್‌ಗಳು ಚದುರಿದವು. ಚೀಲದ ಮೇಲೆ ಅಂಗೈ ಬಿಚ್ಚಿಟ್ಟು, ಅದರ ಮೇಲೆ ರೈಫಲ್ ಮಲಗಿಸಿ, ಒದೆಯುವಷ್ಟು ಒದೆಯಲು ಬಿಟ್ಟಾಗ ಒಟ್ಟಿಗೆ ಬಂದವು. ಐದು ತೂತುಗಳ ಹರವು 25 ಮೀಟರಿನಲ್ಲಿ 18 ಮಿ.ಮೀ.

ನವೆಂಬರಿನಿಂದ ಈಚೆಗೆ: ಗಾಳಿ

25ಕ್ಕೆ ಹೊಂದಿಸಿದ ರೈಫಲ್ 15ರಲ್ಲಿ ಹೆಚ್ಚುಕಡಿಮೆ ಗುರಿಗೇ ಹೊಡೆಯುತ್ತದೆ. 10ರಲ್ಲಿ ಒಂದು ಸೆಂ.ಮೀ. ಚಿಲ್ಲರೆ ಕೆಳಗೆ, ಏಕೆಂದರೆ ಸ್ಕೋಪು ನಳಿಕೆಗಿಂತ ನಾಲ್ಕೂವರೆ ಸೆಂ.ಮೀ. ಎತ್ತರದಲ್ಲಿದೆ. 40ರಲ್ಲಿ ಐದು ಸೆಂ.ಮೀ. ಇಳಿಯುತ್ತದೆ, ಅಂದರೆ ಚುಕ್ಕೆ ಲೆಕ್ಕದಲ್ಲಿ ಒಂದೂಕಾಲು. ಈ ನಾಲ್ಕು ಸಾಲನ್ನು ಕಾಗದದಲ್ಲಿ ಬರೆದು ರೈಫಲ್ ಹಿಡಿಕೆಗೆ ಅಂಟಿಸಿದ್ದೇನೆ.

ಗಾಳಿಗೆ ಹೀಗೆ ಚೀಟಿ ಬರೆದು ಅಂಟಿಸಲಾಗುವುದಿಲ್ಲ. ಕಪ್ಪತಗುಡ್ಡದ ಮೇಲೆ ಗಾಳಿಯಂತ್ರಗಳನ್ನು ನಿಲ್ಲಿಸಿದ್ದು ಸುಮ್ಮನೆ ಅಲ್ಲ. ಎಲೆ ಮೆಲ್ಲಗೆ ಅಲುಗುವಷ್ಟು ಅಡ್ಡಗಾಳಿ ಇದ್ದರೂ 40 ಮೀಟರಿನಲ್ಲಿ ಪೆಲೆಟ್ ನಾಲ್ಕು ಸೆಂ.ಮೀ. ಪಕ್ಕಕ್ಕೆ ಹೋಗುತ್ತದೆ. ರೆಕ್ಕೆಗಳು ಮುಖ ಮಾಡಿದ ದಿಕ್ಕಿನಿಂದ ಗುಡ್ಡದ ಮೇಲಿನ ಗಾಳಿ ತಿಳಿಯುತ್ತದೆ, ಆದರೆ ಹೊಲದ ಗಾಳಿ ಬೇರೆ. 20 ಮೀಟರಿನಲ್ಲಿ ಕೋಲು ನೆಟ್ಟು ಉಲ್ಲನ್ ದಾರ ಕಟ್ಟಿದೆ. ದಾರ ಜೋತುಬಿದ್ದ ಹೊತ್ತಿಗೆ ಮಾತ್ರ ಕುದುರೆ ಒತ್ತುತ್ತೇನೆ. ಒಂದೊಂದು ಪೆಲೆಟ್‌ಗೆ ಐದು ನಿಮಿಷ ಕಾದದ್ದೂ ಇದೆ.

ಜನವರಿಯ ಒಂದು ಬೆಳಗ್ಗೆ, ಕಡಲೆ ಹೊಲದ ಮೇಲೆ ಇಬ್ಬನಿ ಇನ್ನೂ ಆರದಿದ್ದಾಗ, ದಾರ ಅಲುಗದೆ ನಿಂತಿತ್ತು. 40 ಮೀಟರಿನಲ್ಲಿ ಐದು ಪೆಲೆಟ್ ಹೊಡೆದೆ. ರಟ್ಟು ತಂದು ಮೂರು ಬೆರಳು ಇಟ್ಟು ನೋಡಿದರೆ ಐದೂ ತೂತು ಬೆರಳುಗಳಡಿ ಮುಚ್ಚಿದವು. ಅಂದಿಗೆ ಹೊಸ ಸ್ಕೋಪಿನ ಮೇಲೆ ಐನೂರಾ ಇಪ್ಪತ್ತು ಪೆಲೆಟ್ ಆಗಿತ್ತು. ಉಗುರುಬಣ್ಣದ ಎರಡೂ ಗೆರೆಗಳನ್ನು ಭೂತಗಾಜಿನಲ್ಲಿ ನೋಡಿದೆ, ಎಲ್ಲೂ ಬಿರುಕಿಲ್ಲ.

ಕಾಕಾ ಬಂದು ರೈಫಲ್ ಪಕ್ಕ ಕುಳಿತರು. "ನಾನೊಂದು ಹೊಡೆಯಲೇನು ತಮ್ಮಾ?" ಎಂದರು. ಅಂಗೈ ಬಿಚ್ಚಿಡಲು ಹೇಳಿಕೊಟ್ಟೆ, ದಾರ ನೋಡಲು ಹೇಳಿದೆ. ಅವರು ದಾರವನ್ನೇ ಬಹಳ ಹೊತ್ತು ನೋಡಿದರು. ಪೆಲೆಟ್ ಕಪ್ಪು ಬೊಟ್ಟಿನ ಅಂಚಿಗೆ ತಾಗಿತು. ಆ ರಟ್ಟು ಈಗ ದನದ ಕೊಟ್ಟಿಗೆಯ ಕಂಬದಲ್ಲಿದೆ, ಅರಣ್ಯ ಇಲಾಖೆಗೆ ಕೊಟ್ಟ ಅರ್ಜಿಯ ಸ್ವೀಕೃತಿ ಸಿಕ್ಕಿಸಿದ ಮೊಳೆಯ ಪಕ್ಕಕ್ಕೆ.